ಬೋಂಡಾ ಕಟ್ಟಿದ ಕರಪತ್ರ: ಒಂದು ಶಾಸ್ತ್ರೀಯ ಸಂಪಾದನೆ

ಹಳಗನ್ನಡದ ತುಂಡು ಶಾಸನಕ್ಕೂ ಪಾಠ, ಪಾಠಾಂತರ, ಟಿಪ್ಪಣಿ ಬರೆದಿಟ್ಟ ನಾಡಿನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆಯ ಕರಪತ್ರಗಳ ಬಗ್ಗೆ ವಿದ್ವತ್ ಲೋಕ ತಾಳಿರುವ ಮೌನ ಖೇದಕರ. ಅದರಲ್ಲೂ ‘ಪರಿಸರ ರಕ್ಷಣೆ, ಊರಿನ ಸುರಕ್ಷೆ’ ಎಂಬ ತಲೆಬರಹ ಹೊತ್ತು ಹಳದಿ ಕಾಗದದ ಒಂದೇ ಮಗ್ಗುಲಿಗೆ ಅಚ್ಚಾದ ಪ್ರಸ್ತುತ ಕೃತಿ ಬಯಲುಸೀಮೆಯಲ್ಲಿ ಅತಿ ವಿರಳ. ಈ ವಸ್ತುವನ್ನು ನೆಚ್ಚಿ ಕೃತಿಕಾರನ ಹೋಬಳಿಯಲ್ಲಿ ಹಿಂದೆ ಯಾರೂ ಚುನಾವಣೆಗೆ ನಿಂತಿಲ್ಲ. ಇನ್ನು ಮುಂದೆಯೂ ನಿಲ್ಲುವುದಿಲ್ಲವೆಂದು ಊರಿನ ಹಿರಿಯರು ಆಣೆಯಿಟ್ಟು ಹೇಳುತ್ತಾರೆ.

ಮೊದಲು ಕಾಲವಿಚಾರ. ಕೃತಿಯಲ್ಲಿ ತೇದಿಯಿಲ್ಲ. ಆದರೆ ಕೃತಿಕಾರನ ಭಾವಚಿತ್ರದಲ್ಲಿ ಗದ್ದಕ್ಕೆ ಇಳಿದ ಮಾಸ್ಕ್ ಸ್ಪಷ್ಟವಾಗಿ ಕಾಣುವುದರಿಂದ ಇದು 2020ರ ಡಿಸೆಂಬರ್ 22 ಮತ್ತು 27ರಂದು ಎರಡು ಹಂತಗಳಲ್ಲಿ ನಡೆದ ಚುನಾವಣೆಯದ್ದೇ. ಗುರುತು ಗ್ಯಾಸ್ ಸಿಲಿಂಡರ್. ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆಗೆ ಅವಕಾಶವಿಲ್ಲದ ಕಾರಣ ಆಯೋಗದ ಪಟ್ಟಿಯಲ್ಲಿ ಇದ್ದದ್ದೇ ಗತಿ. ಪರಿಸರಕ್ಕೂ ಸಿಲಿಂಡರಿಗೂ ಏನು ನಂಟೆಂದು ಕೇಳಿದವರಿಗೆಲ್ಲ ಕೃತಿಕಾರನು ‘ಸೌದೆ ಉಳಿಯುತ್ತೆ, ಕಾಡು ಉಳಿಯುತ್ತೆ’ ಎಂದು ಭಾಷ್ಯ ಹೇಳಿದನಂತೆ. ಹೆಂಗಸರು ಸಿಲಿಂಡರಿನ ರೇಟು ಕೇಳಿದರಂತೆ. ಭಾಷ್ಯ ಅಲ್ಲಿಗೆ ನಿಂತಿತು.

ಸಂಪಾದನೆಗೆ ಮೂರು ಪ್ರತಿಗಳು ದೊರೆತಿವೆ. ‘ಕ’ ಪ್ರತಿಯನ್ನು ಹಾಲಿನ ಡೈರಿಯ ಗೋಡೆಗೆ ಅಂಟಿಸಲಾಗಿದ್ದು, ಎಡ ಅಂಚನ್ನು ಮೇಕೆ ತಿಂದಿರುವುದರಿಂದ ತ್ರುಟಿತವಾಗಿದೆ. ‘ಖ’ ಪ್ರತಿ ಟೀ ಅಂಗಡಿಯಲ್ಲಿ ಬೋಂಡಾ ಕಟ್ಟಿಕೊಟ್ಟದ್ದು. ಎಣ್ಣೆ ಹೀರಿ ಹಿಂದುಮುಂದು ಎರಡೂ ಕಡೆಯಿಂದ ಓದಬಹುದಾದಷ್ಟು ಪಾರದರ್ಶಕವಾಗಿದೆ. ಪಂಚಾಯಿತಿಗೆ ಸಂಬಂಧಿಸಿದ ದಾಖಲೆಗಳಲ್ಲಿ ಈ ಗುಣ ಅಪರೂಪ. ‘ಗ’ ಪ್ರತಿ ಶುದ್ಧ, ಸಂಪೂರ್ಣ, ಮಡಿಕೆಯೂ ಇಲ್ಲ. ಕೃತಿಕಾರನ ಅಟ್ಟದ ಮೇಲೆ ದಾರ ಬಿಚ್ಚದ ಕಟ್ಟಿನಲ್ಲಿ ಇದರ ನಾನೂರಕ್ಕೂ ಹೆಚ್ಚು ಸೋದರ ಪ್ರತಿಗಳಿವೆ.

ಇನ್ನು ಪಾಠಾಂತರ. ಮೊದಲ ಭರವಸೆ ‘ಕ’ ಪ್ರತಿಯಲ್ಲಿ ಹೀಗಿದೆ: ‘ಕೆರೆ ಒತ್ತುವರಿ ತೆರವು, ರಾಜಕಾಲುವೆ ಬಿಡಿಸುವುದು.’ ಅದೇ ಸಾಲು ‘ಖ’ದಲ್ಲಿ ‘ಕೆರೆ ಸರ್ವೆಗೆ ಒತ್ತಾಯ’ ಎಂದಾಗುತ್ತದೆ. ‘ಗ’ದಲ್ಲಿ ‘ಕೆರೆ ಏರಿಗೆ ಸಿಮೆಂಟ್ ರಸ್ತೆ ಮತ್ತು ಹೈಮಾಸ್ಟ್ ದೀಪ.’ ಇದು ಲಿಪಿಕಾರನ ದೋಷವೆಂದು ಅರಳಿಕಟ್ಟೆ ಪಂಥದವರು ವಾದಿಸುತ್ತಾರೆ. ಒಪ್ಪಲಾಗದು. ಅಚ್ಚುಕೂಟದವರು ‘ಯಜಮಾನ್ರು ಹೇಳ್ದಂಗೆ ಹಾಕಿದ್ವಿ’ ಎಂದಿದ್ದಾರೆ. ಮೊದಲ ಮುದ್ರಣದ ಸಂಜೆಯೇ ಸೋದರಮಾವ ಮನೆಗೆ ಬಂದು ಜಗಲಿಯ ಮೇಲೆ ಕೂತು, ನೀರೂ ಮುಟ್ಟದೆ ಕೇಳಿದ್ದಕ್ಕೆ ಸಾಕ್ಷಿಗಳಿವೆ: ‘ಏನೋ ಮಗ, ಒತ್ತುವರಿ ಅಂದ್ರೆ ನಂದೇ ಅಲ್ವೇನೋ? ನಿನ್ನ ಓದಿಗೆ ಫೀಜು ಕಟ್ಟಿದ ರಾಗಿ ಆ ಹನ್ನೆರಡು ಗುಂಟೇಲೇ ಬೆಳೆದಿದ್ದು.’ ಎರಡನೇ ಮುದ್ರಣಕ್ಕೆ ಇದಕ್ಕಿಂತ ಬಲವಾದ ಪ್ರೇರಣೆ ಯಾವ ಕವಿಗೂ ಸಿಕ್ಕಿಲ್ಲ. ಮೂರನೆಯದಕ್ಕೆ ಯುವಕ ಸಂಘದವರು ಕಾರಣ. ಅವರಿಗೆ ಏರಿ ಮೇಲೆ ಬೈಕ್ ಓಡಿಸಲು ರಸ್ತೆ ಬೇಕಿತ್ತು.

ಇಲ್ಲಿ ಒಂದು ಮಾತನ್ನು ಸಂಪಾದಕನು ಸ್ವಂತ ಹೊಣೆಯ ಮೇಲೆ ಹೇಳುತ್ತಾನೆ. ಕರ್ನಾಟಕದಲ್ಲಿ ನಾನೂರು ಜನಸಂಖ್ಯೆಗೆ ಒಬ್ಬ ಪಂಚಾಯಿತಿ ಸದಸ್ಯ. ಆ ನಾನೂರರಲ್ಲಿ ಮಕ್ಕಳನ್ನು ಕಳೆದರೆ ಉಳಿಯುವ ಮತದಾರರು ಅಭ್ಯರ್ಥಿಗೆ ಅತ್ತೆ, ಮಾವ, ಷಡ್ಡಕ, ಬೀಗರು, ಸಾಲ ಕೊಟ್ಟವರು. ಕೆರೆಯೊಳಗೆ ಬೇಲಿ ಹಾಕಿದವರೂ ಇವರೇ. ದಿಲ್ಲಿಯ ವೇದಿಕೆಯಲ್ಲಿ ಭೂಮಿ ಉಳಿಸುವುದು ಸುಲಭ, ಅಲ್ಲಿ ಸೋದರಮಾವ ಇರುವುದಿಲ್ಲ.

ಪ್ರಾಚೀನರು ಈ ತೊಡಕನ್ನು ಅರಿತಿದ್ದರು. ಕೆರೆ ಕಟ್ಟಿದವರಿಗೆ ಕಟ್ಟುಕೊಡಗೆ, ಕೆರೆಯ ಉಸ್ತುವಾರಿಗೆ ಬಿತ್ತುವಟ್ಟ ಎಂದು ಭೂಮಿ ಬಿಟ್ಟು, ಅದನ್ನು ಕಲ್ಲಿಗೆ ಹಾಕಿಸಿ, ಕೊನೆಗೆ ಶಾಪವನ್ನೂ ಕೆತ್ತಿಸುತ್ತಿದ್ದರು. ದತ್ತಿಯ ಭೂಮಿ ಕಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂಬುದು ವಾಡಿಕೆಯ ಶಿಕ್ಷೆ. ಪ್ರಸ್ತುತ ಕೃತಿಯಲ್ಲಿ ಶಾಪಾಶಯವೇ ಇಲ್ಲ. ಊರಿನ ಕೆರೆಕಟ್ಟೆ, ಗೋಮಾಳಗಳ ಒತ್ತುವರಿ ತೆರವಿಗೆ ಎಲ್ಲ ರಾಜ್ಯಗಳೂ ಯೋಜನೆ ರೂಪಿಸಬೇಕೆಂದು 2011ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ ನಿಜ. ಆದರೆ ತೀರ್ಪಿನಲ್ಲಿ ಹುಳುವಿನ ಪ್ರಸ್ತಾಪ ಇಲ್ಲದಿರುವುದರಿಂದ ನಮ್ಮೂರ ಕಡೆ ಅದಕ್ಕೆ ಹೆದರಿದವರು ಕಡಿಮೆ.

ಎರಡನೆಯ ಭರವಸೆ ಮೂರೂ ಪ್ರತಿಗಳಲ್ಲಿ ಒಂದೇ ತೆರನಾಗಿದೆ, ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದುದೇ ಕಾರಣವಿರಬೇಕು: ‘ಮಳೆಗಾಲಕ್ಕೆ ಮುಂಚೆ ಕೋಡಿ, ತೂಬು, ಚರಂಡಿ ಹೂಳೆತ್ತುವುದು. ನೆರೆ ಬಂದರೆ ದಿಣ್ಣೆಯ ಮೇಲಿನ ಶಾಲೆಯ ಬೀಗದ ಕೈ ಯಾರ ಹತ್ತಿರ ಇರಬೇಕೆಂದು ಮೊದಲೇ ಬರೆದು ಹಾಕುವುದು.’ ಟೀ ಅಂಗಡಿಯ ವ್ಯಾಖ್ಯಾನಕಾರರು ಈ ಭಾಗವನ್ನು ಪ್ರಕ್ಷಿಪ್ತವೆಂದು ತಳ್ಳಿಹಾಕಿದ್ದರು. ಕೆರೆಯಲ್ಲಿ ಆಗ ಜಾಲಿ ಬೆಳೆದಿತ್ತು, ನೀರಿನ ಮಾತೇ ಹಾಸ್ಯವಾಗಿತ್ತು. 2022ರಲ್ಲಿ ಮಳೆ ಹಿಡಿಯಿತು. ರಾಮನಗರದ ಹೆದ್ದಾರಿಯಲ್ಲಿ ಬಸ್ಸು ಮುಳುಗಿದ ವರ್ಷವದು. ಆ ಊರಿನ ಕೆರೆಯೂ ಕೋಡಿ ಬಿದ್ದು, ರಾಜಕಾಲುವೆ ಹುಡುಕಿ ಸಿಗದೆ ಸೀದಾ ಕೆಳಗಿನ ಕೇರಿಗೆ ನುಗ್ಗಿತು. ಶಾಲೆಯ ಬೀಗದ ಕೈ ರಜೆಯ ಮೇಲೆ ಹೋಗಿದ್ದ ಮೇಷ್ಟರ ಜೇಬಿನಲ್ಲಿತ್ತು. ಬೀಗ ಒಡೆದವನು ನೀರುಗಂಟಿ. ಸದರಿ ಸಾಲು ಮೂಲ ಪಾಠವೇ ಎಂದು ಅಂದಿನಿಂದ ವಿದ್ವಾಂಸರಲ್ಲಿ ಒಮ್ಮತವಿದೆ.

ಫಲಶ್ರುತಿ: ಕೃತಿಕಾರ ಸೋತ. ಗೆದ್ದವರು ‘ಮನೆಗೊಂದು ನಲ್ಲಿ, ಬೀದಿಗೊಂದು ಬೋರ್‌ವೆಲ್’ ಎಂದವರು. ಸೋದರಮಾವನ ಮನೆಯ ಓಟುಗಳು ಯಾರಿಗೆ ಬಿದ್ದವೆಂಬುದು ಈ ಪ್ರಬಂಧದ ವ್ಯಾಪ್ತಿಗೆ ಹೊರಗಿನ ವಿಷಯ.

ಕೊನೆಗೊಂದು ಶಾಸ್ತ್ರವಿಚಾರ. ‘ಮೆಂಬರ್ ಕೈಲಿ ಪರಿಸರ ಎಲ್ಲಿರುತ್ತೆ’ ಎಂಬ ಪೂರ್ವಪಕ್ಷ ಬಹು ಜನಪ್ರಿಯ. ಸಂವಿಧಾನದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆಂದು ಹೆಸರಿಸಿದ 29 ವಿಷಯಗಳಿವೆ; ಸಣ್ಣ ನೀರಾವರಿ, ಜಲಾನಯನ, ಸಾಮಾಜಿಕ ಅರಣ್ಯ ಅದರೊಳಗೇ ಇವೆ. 2002ರ ಜೀವವೈವಿಧ್ಯ ಕಾಯ್ದೆ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಲೇಬೇಕೆನ್ನುತ್ತದೆ. ಬಹುಕಾಲ ದೇಶದ ಹೆಚ್ಚಿನ ಕಡೆ ಅದು ಕಾಗದದಲ್ಲೂ ಇರಲಿಲ್ಲ. 2020ರ ಜನವರಿ 31ರೊಳಗೆ ಸಮಿತಿ ಮತ್ತು ಜನತಾ ಜೀವವೈವಿಧ್ಯ ದಾಖಲಾತಿ ಮುಗಿಸದ ರಾಜ್ಯ ತಿಂಗಳಿಗೆ ಹತ್ತು ಲಕ್ಷ ಕಟ್ಟಬೇಕೆಂದು ಹಸಿರು ನ್ಯಾಯಮಂಡಳಿ ಗದರಿದ ಮೇಲೆ, ದೇಶದ ತುಂಬ ಸಮಿತಿಗಳು ಮೊದಲ ಮಳೆಯ ಅಣಬೆಗಳಂತೆ ಎದ್ದವು. ಅಂದರೆ ನಮ್ಮ ಕೃತಿಕಾರ ಕರಪತ್ರ ಅಚ್ಚು ಹಾಕಿಸಿ, ಸಂಬಂಧ ಕೆಡಿಸಿಕೊಂಡು, ಠೇವಣಿ ಕಟ್ಟಿ ಕೇಳುತ್ತಿದ್ದ ಅಧಿಕಾರ ಪಂಚಾಯಿತಿ ಬೀರುವಿನಲ್ಲಿ ಆಗಲೇ ಇತ್ತು.

ವಾಚಕರು ಮುಂದಿನ ಗ್ರಾಮಸಭೆಗೆ ಹೋದಾಗ ಆ ಸಮಿತಿಯ ಸದಸ್ಯರ ಪಟ್ಟಿಯನ್ನು ಪಿಡಿಒ ಅವರಲ್ಲಿ ಕೇಳಿ, ಪೂರ್ತಿ ಓದಿ ನೋಡಬೇಕಾಗಿ ವಿನಂತಿ. ನಿಮ್ಮ ಹೆಸರೇ ಇದ್ದರೂ ಇರಬಹುದು.