ನಿರಪಾಯ ನಿವೇಶನ ಮೀಮಾಂಸೆ

ನಿವೃತ್ತಿ ಸಮೀಪಿಸಿದ ಗೃಹಸ್ಥರಲ್ಲಿ ಕೆಲವರು ಸೈಟಿನ ದರ, ಆಸ್ಪತ್ರೆ, ತರಕಾರಿ ಅಂಗಡಿಗಳ ಚಿಂತೆಯನ್ನೆಲ್ಲ ಬದಿಗಿರಿಸಿ, ವರನ ಜಾತಕದಲ್ಲಿ ಕುಜದೋಷ ಅರಸುವ ಮಾವನ ಶ್ರದ್ಧೆಯಿಂದ ಊರೂರಿನ ವಿಪತ್ತುಗಳನ್ನು ಪರಿಶೀಲಿಸತೊಡಗುತ್ತಾರೆ. 2018ರ ಭೂಕುಸಿತದ ನೆನಪಿನಿಂದ ಮಡಿಕೇರಿಯನ್ನೂ, 2024ರ ಶಿರೂರಿನ ಗುಡ್ಡಕುಸಿತದಿಂದ ಇಡೀ ಕರಾವಳಿಯನ್ನೂ, 2009ರ ನೆರೆಯಿಂದ ಕೃಷ್ಣಾ ತೀರವನ್ನೂ ಇಂಥ ಗೃಹಸ್ಥನು ಒಂದೇ ಸಂಜೆಯಲ್ಲಿ ಹೊಡೆದುಹಾಕುತ್ತಾನೆ.

ಬಳಿಕ ಅವನು ಕೈಗೆತ್ತಿಕೊಳ್ಳುವುದು ಭೂಕಂಪ ವಲಯ ನಕ್ಷೆಯನ್ನು, ಅಂದರೆ ನೆಲ ಎಷ್ಟು ಬಲವಾಗಿ ನಡುಗೀತೆಂಬ ಅಂದಾಜಿನಂತೆ ದೇಶವನ್ನು ವಿಂಗಡಿಸಿದ ಪಟವನ್ನು. 2002ರ ನಕ್ಷೆಯಲ್ಲಿ ಬೆಂಗಳೂರು ಅತಿ ಕಡಿಮೆ ಅಪಾಯದ ಎರಡನೆಯ ವಲಯದಲ್ಲಿದ್ದು, ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸಾಗಿರುವುದು ಅವನಿಗೆ ಹಿರಿಯರ ಆಶೀರ್ವಾದದಂತೆ ತೋರುತ್ತದೆ. ಒಂದನೆಯ ವಲಯ ಎಲ್ಲಿ ಹೋಯಿತೆಂದು ವಿಚಾರಿಸದಿದ್ದರೆ ಕ್ಷೇಮ. ಏಕೆಂದರೆ 1993ರ ಸೆಪ್ಟೆಂಬರ್ 30ರಂದು ಸಾವಿರಾರು ಜನರನ್ನು ಬಲಿ ಪಡೆದ ಮಹಾರಾಷ್ಟ್ರದ ಕಿಲ್ಲಾರಿಯ ಭೂಕಂಪ ಸಂಭವಿಸಿದ್ದು ಆ ‘ಸುರಕ್ಷಿತ’ ವಲಯದಲ್ಲೇ; 2002ರಲ್ಲಿ ಆ ವಲಯವನ್ನೇ ರದ್ದುಪಡಿಸಲಾಯಿತು.

ಅಧ್ಯಯನದ ಪರಾಕಾಷ್ಠೆಯನ್ನು ಕಾಣಬೇಕಾದದ್ದು ನಗರದ ಹೊರವಲಯದ ನಿವೇಶನದಲ್ಲಿ. ಗೃಹಸ್ಥನು ಮೂಲೆಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಇಳಿಜಾರಿನ ದಿಕ್ಕನ್ನು ನಿರ್ಣಯಿಸಲು ಬಾಟಲಿಯ ನೀರನ್ನು ನೆಲಕ್ಕೆ ಸುರಿಯುತ್ತಾನೆ. ನೀರು ಕ್ಷಣಕಾಲ ಅನುಮಾನಿಸಿ, ಕಲ್ಲೊಂದನ್ನು ಪ್ರದಕ್ಷಿಣೆ ಹಾಕಿ, ದಲ್ಲಾಳಿಯ ಬೂಟಿನ ಬಳಿ ವಿಶ್ರಮಿಸಿ, ಮುಂದೆ ಸಾಗುತ್ತದೆ. “ಈಶಾನ್ಯಕ್ಕೇ ಹರೀತಿದೆ ಸಾರ್, ವಾಸ್ತು ಪಕ್ಕಾ!” ಎಂದು ದಲ್ಲಾಳಿ ಹರ್ಷಿಸುತ್ತಾನೆ, ಈಶಾನ್ಯದಲ್ಲಿ ರಾಜಕಾಲುವೆ, ಅಂದರೆ ಒಂದು ಕೆರೆಯ ಹೆಚ್ಚುವರಿ ನೀರನ್ನು ಮುಂದಿನ ಕೆರೆಗೆ ಒಯ್ಯುವ ದೊಡ್ಡ ಕಾಲುವೆ, ಇರುವುದನ್ನು ಮಾತ್ರ ಹೇಳುವುದಿಲ್ಲ. ಫಲಿತಾಂಶವನ್ನು ದೃಢಪಡಿಸಲು ಎರಡನೆಯ ಬಾಟಲಿಯೂ ಖಾಲಿಯಾದಾಗ, “ರೀ, ಕುಡಿಯೋಕೆ ಒಂದು ಗುಟುಕಾದ್ರೂ ಉಳಿಸಿದ್ದೀರಾ?” ಎಂಬ ಪ್ರಶ್ನೆ ಕಾರಿನೊಳಗಿಂದ ಕೇಳಿಬರುತ್ತದೆ.

ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾದ, ಸಂಪಂಗಿ ಕೆರೆಯ ಮೇಲೆ ಕ್ರೀಡಾಂಗಣವೆದ್ದ ನಗರದಲ್ಲಿ ನೀರಿನ ಹಾದಿಗೆ ‘ಲೇಕ್ ವ್ಯೂ’ ಎಂಬ ಫಲಕ ನೆಟ್ಟು ಮಾರುವವರನ್ನು ಉದ್ಯಮಿಗಳೆಂದು ಕರೆಯುವುದು ಭಾಷೆಯ ಔದಾರ್ಯ. 2022ರ ಸೆಪ್ಟೆಂಬರಿನ ನೆರೆಯಲ್ಲಿ ದುಬಾರಿ ಬಡಾವಣೆಗಳವರು ಟ್ರ್ಯಾಕ್ಟರ್ ಏರಿ ಹೊರಬಂದುದು ದೊಡ್ಡ ಸುದ್ದಿಯಾಯಿತು. ಕಾಲುವೆಯಂಚಿನ ಶೆಡ್ಡುಗಳಲ್ಲಿ ವಾಸಿಸುವವರಿಗೆ ಟ್ರ್ಯಾಕ್ಟರೂ ಇಲ್ಲ, ನಕ್ಷೆ ನೋಡಿ ಊರು ಆರಿಸುವ ಸೌಭಾಗ್ಯವೂ ಇಲ್ಲ.

ಹಳೆಯ ಕೆರೆ, ಹಳ್ಳಗಳನ್ನು ಗುರುತಿಸಿರುವ ಗ್ರಾಮನಕ್ಷೆಯು ಭೂಮಾಪನ ಇಲಾಖೆಯಲ್ಲಿ ದೊರೆಯುತ್ತದೆ. ಮುಂಗಡ ಕೊಡುವ ಮುನ್ನ ಅದನ್ನು ನೋಡಬೇಕು, ಬಾಟಲಿಯ ನೀರನ್ನು ಕುಡಿಯಬೇಕು.