ಚಪ್ಪಲಿ ಸ್ಟ್ಯಾಂಡಿನ ಮೇಲೊಂದು ರಾತ್ರಿಶಾಲೆ

ಡೊಂಬಿವಲಿಯ ಒನ್ ಬಿಎಚ್‌ಕೆ ಮನೆಗಳಿಗೆ ಒಂದು ಅಲಿಖಿತ ಕಾನೂನಿದೆ. ಹೊಸ ಸಾಮಾನು ಒಳಗೆ ಬರಬೇಕಾದರೆ ಹಳೆಯದೊಂದು ಹೊರಗೆ ಹೋಗಬೇಕು. ನಮ್ಮ ಮನೆಗೆ ಸಿಸ್ಕೊ ರೌಟರ್ ಬಂದ ದಿನ ಹೊರಬಿದ್ದದ್ದು ಚಪ್ಪಲಿಗಳು. ಸ್ಟ್ಯಾಂಡು ಮಾತ್ರ ಒಳಗೇ ಉಳಿಯಿತು. ನೆಟ್‌ವರ್ಕ್ ಸಾಧನಗಳ ಅಸಲಿ ರ‍್ಯಾಕಿನ ಅಗಲ 19 ಇಂಚು. ನಮ್ಮ ಕಬ್ಬಿಣದ ಚಪ್ಪಲಿ ಸ್ಟ್ಯಾಂಡಿನದು ಅದಕ್ಕಿಂತ ನಾಲ್ಕು ಬೆರಳು ಹೆಚ್ಚೇ. ಗಾಳಿಯಾಡಲು ಮೇಲೆ ಕೆಳಗೆ ಜಾಗ, ವಯರು ಇಳಿಬಿಡಲು ಹಿಂದೆ ಸಂದಿ, ಇನ್ನೇನು ಬೇಕು? ಚಪ್ಪಲಿಗಳು ಪ್ಯಾಸೇಜಿನಲ್ಲಿ ಸಾಲುಗಟ್ಟಿ ನಿಂತದ್ದಕ್ಕೆ ಸೊಸೈಟಿಯವರು ನೋಟಿಸು ಅಂಟಿಸಿದರು. ದೊಡ್ಡ ವಿದ್ಯೆಗೆ ಸಣ್ಣಪುಟ್ಟ ವಿಘ್ನಗಳು ಇದ್ದದ್ದೇ.

ನನ್ನದು ನವಿ ಮುಂಬಯಿಯ ಮಹಾಪೆಯಲ್ಲಿ ಡೆಸ್ಕ್‌ಟಾಪ್ ಸಪೋರ್ಟ್ ಕೆಲಸ. ‘ಪ್ರಿಂಟರ್ ಸತ್ತಿದೆ’ ಎಂದು ಫೋನು ಬಂದರೆ ಮೂರು ಮಹಡಿ ಹತ್ತಿ ಹೋಗಿ ಅದರ ಪ್ಲಗ್ ಸಿಕ್ಕಿಸಿ ಇಳಿದು ಬರುವುದು. ಐರೋಲಿ, ರಬಾಳೆ, ಮಹಾಪೆ ಸುತ್ತ ಡೇಟಾ ಸೆಂಟರುಗಳು ಏಳುತ್ತಿರುವಾಗ ನಾನು ಪ್ಲಗ್ಗಿನಲ್ಲೇ ಮುದುಕನಾಗುವುದೇ ಎನ್ನಿಸಿ ಸಿಸಿಎನ್‌ಎ ಎಂಬ ನೆಟ್‌ವರ್ಕಿಂಗ್ ಪರೀಕ್ಷೆಗೆ ಕೂರುವುದೆಂದು ತೀರ್ಮಾನಿಸಿದೆ. ಇದು ಸಿಸ್ಕೊ ಕಂಪನಿ 1998ರಲ್ಲಿ ಶುರುಮಾಡಿದ ಪರೀಕ್ಷೆ. ಈಗ ನಡೆಯುವ 200-301 ಸಂಖ್ಯೆಯ ಆವೃತ್ತಿ ಬಂದದ್ದು 2020ರ ಫೆಬ್ರವರಿಯಲ್ಲಿ. ಶುಲ್ಕ 300 ಡಾಲರ್, ತೆರಿಗೆ ಬೇರೆ.

“ಫೇಲಾದ್ರೆ ದುಡ್ಡು ವಾಪಸ್ ಕೊಡ್ತಾರಾ ಮಗಾ?” ಎಂದು ಕೇಳಿದಳು ಅಮ್ಮ.

“ಇಲ್ಲಮ್ಮ.”

“ಪಾಸಾದ್ರೆ?”

“ಆಗಲೂ ಇಲ್ಲ. ಮೂರು ವರ್ಷಕ್ಕೊಮ್ಮೆ ರಿನ್ಯೂ ಬೇರೆ ಮಾಡಿಸ್ಬೇಕು.”

“ಹಾಗಾದ್ರೆ ಅದು ಸರ್ಟಿಫಿಕೇಟಲ್ಲ, ಬಾಡಿಗೆ ಮನೆ.”

ಠಾಣೆ, ಕಲ್ಯಾಣ ಸ್ಟೇಷನ್ನುಗಳಿಂದ ಹೊರಬಿದ್ದರೆ ಸಾಕು, ‘ಶೇಕಡಾ ನೂರು ಜಾಬ್’ ಎನ್ನುವ ಕ್ಲಾಸಿನ ಬೋರ್ಡುಗಳು ತಲೆಗೆ ತಾಗುತ್ತವೆ. ಒಂದರೊಳಗೆ ಹೊಕ್ಕು ನೋಡಿದೆ. ಇಡೀ ಬ್ಯಾಚಿಗೆ ಒಂದೇ ರೌಟರು. ಅದನ್ನು ಮುಟ್ಟುವವರು ಸರ್, ಉಳಿದವರದು ದೂರದರ್ಶನ. ಮನೆಯಲ್ಲೇ ಲ್ಯಾಬ್ ಕಟ್ಟುವ ಹಂಬಲ ಹುಟ್ಟಿದ್ದು ಆಗ.

ಈ ಹಂಬಲಕ್ಕೆ ಬಿಡಿಕಾಸೂ ಬೇಕಿಲ್ಲ ಎಂಬುದು ನಿಜ. ಸಿಸ್ಕೊ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಹೆಸರು ನೋಂದಾಯಿಸಿದರೆ ಪ್ಯಾಕೆಟ್ ಟ್ರೇಸರ್ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಪರದೆಯ ಮೇಲೆ ಎಷ್ಟು ರೌಟರು ಬೇಕಾದರೂ ಸಾಲಾಗಿ ಇಡಬಹುದು. ಧೂಳಿಲ್ಲ, ಕರೆಂಟು ಬಿಲ್ಲಿಲ್ಲ, ಹೆಂಡತಿಗೆ ಗೊತ್ತೂ ಆಗುವುದಿಲ್ಲ. ಆದರೆ ಕೈಗೆ ಸಿಗದ ವಸ್ತುವಿನ ಮೇಲೆ ನನಗೆ ಅಷ್ಟಾಗಿ ಭಕ್ತಿ ಹುಟ್ಟುವುದಿಲ್ಲ. ಒಂದು ಶನಿವಾರ ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಲ್ಯಾಮಿಂಗ್ಟನ್ ರಸ್ತೆಗೆ ನಡೆದೆ.

ಕಚೇರಿಗಳು ಹೊಸ ರೌಟರು, ಸ್ವಿಚ್ಚು ತಂದಾಗ ಹಳೆಯವು ಇಲ್ಲಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಅಟ್ಟ ಸೇರುತ್ತವೆ. ಅಲ್ಲಿಂದ ಒಂದು 2811 ರೌಟರ್, ಎರಡು 2950 ಸ್ವಿಚ್ಚುಗಳು ಕೆಳಗಿಳಿದವು. “ಚಾಲೂ ಹೈ ಕ್ಯಾ?” ಎಂದೆ. “ಬತ್ತಿ ಜಲ್ ರಹೀ ಹೈ ನಾ ಸಾಬ್” ಎಂದು ಅಂಗಡಿಯವನು ದೀಪ ತೋರಿಸಿದ. ನಾನು ಲ್ಯಾಪ್‌ಟಾಪು, ತಿಳಿನೀಲಿ ಕನ್ಸೋಲ್ ಕೇಬಲ್ಲು, ಅದಕ್ಕೊಂದು ಯುಎಸ್‌ಬಿ ಕನ್ವರ್ಟರ್ ತೆಗೆದು ಅಂಗಡಿಯಲ್ಲೇ ಕೂತೆ. ವೇಗ 9600ಕ್ಕೆ ಇಟ್ಟು ಎಂಟರ್ ಒತ್ತಿದರೆ ರೌಟರು ಹಳೆಯ ಯಜಮಾನನ ಪಾಸ್‌ವರ್ಡ್ ಕೇಳಿತು. ಅದಕ್ಕೂ ಮದ್ದಿದೆ. ಆನ್ ಮಾಡಿದ ಮೊದಲ ನಿಮಿಷದೊಳಗೆ ಬ್ರೇಕ್ ಕೀ ಒತ್ತಿ, ಕಾನ್ಫಿಗ್ ರಿಜಿಸ್ಟರನ್ನು ಹೆಕ್ಸ್ 2142ಕ್ಕೆ ತಿರುಗಿಸಿ ರೀಬೂಟ್ ಮಾಡಿದರೆ ಅದಕ್ಕೆ ಪೂರ್ವಜನ್ಮದ ನೆನಪಿರುವುದಿಲ್ಲ. ಆಮೇಲೆ ಮರೆಯದೆ 2102ಕ್ಕೆ ತಂದಿಡಬೇಕು; ಇಲ್ಲವಾದರೆ ನಮ್ಮನ್ನೂ ಪ್ರತಿಸಲ ಮರೆಯುತ್ತದೆ. ಆರು ಕಿಲೋ ಮೀರಿದ ಆ ಪೆಟ್ಟಿಗೆಯನ್ನು ಸ್ವಿಚ್ಚುಗಳ ಸಮೇತ ದಾದರಿನಲ್ಲಿ ಸೆಂಟ್ರಲ್ ಲೈನಿಗೆ ದಾಟಿಸಿ, ಲಗೇಜ್ ಡಬ್ಬಿಯಲ್ಲಿ ಮೀನಿನ ಬುಟ್ಟಿಗಳ ನಡುವೆ ಕೂರಿಸಿ ಊರು ಮುಟ್ಟಿಸಿದೆ.

ರಾತ್ರಿ ಸ್ವಿಚ್ ಒತ್ತಿದಾಗ ತಿಳಿಯಿತು, ಇದರ ಫ್ಯಾನು ಸರ್ವರ್ ರೂಮಿಗಾಗಿ ಹುಟ್ಟಿದ್ದು, ಸಂಸಾರಸ್ಥರಿಗಲ್ಲ. ಮರುದಿನ ಬೆಳಗ್ಗೆ ಪಕ್ಕದ ಮನೆಯ ಕಾಕು ನನ್ನ ಹೆಂಡತಿಯನ್ನು ತಡೆದು, “ಅಗ, ರಾತ್ರೀ ಮಿಕ್ಸರ್ ಕಶಾಲಾ ಲಾವತೇಸ್?” (ರಾತ್ರಿ ಮಿಕ್ಸರ್ ಯಾಕೆ ಹಚ್ತೀಯೇ?) ಎಂದು ಕೇಳಿದರು. ಹೆಂಡತಿ ಅಂದಿನಿಂದ ಕರೆಂಟಿನ ಲೆಕ್ಕವನ್ನು ತಾನೇ ಇಟ್ಟಳು. ನೂರು ವಾಟಿನ ಸಾಮಾನು ಹತ್ತು ಗಂಟೆ ಓಡಿದರೆ ಒಂದು ಯೂನಿಟ್. ಲ್ಯಾಬಿಗೆ ಸಮಯ ನಿಗದಿಯಾಯಿತು: ಊಟದ ನಂತರ ಎರಡು ಗಂಟೆ, ಒಂದು ನಿಮಿಷ ಹೆಚ್ಚಿಲ್ಲ.

ರಾತ್ರಿ ಓದು ನಮ್ಮ ಕುಲಕ್ಕೆ ಹೊಸದೇನಲ್ಲ. ಅಪ್ಪ ಹಗಲಿಡೀ ಉಡುಪಿ ಹೋಟೆಲಿನಲ್ಲಿ ಟೇಬಲ್ ಒರೆಸಿ, ಸಂಜೆ ಕೈತೊಳೆದು ಫೋರ್ಟಿನ ಕನ್ನಡ ರಾತ್ರಿಶಾಲೆಗೆ ಓಡುತ್ತಿದ್ದವರು. ಊರು ಬಿಟ್ಟು ಬಂದ ಹುಡುಗರು ಅಂಥ ಶಾಲೆಗಳಲ್ಲಿ ಕಲಿತು ಗುಮಾಸ್ತರಾದರು, ವಕೀಲರಾದರು, ಬ್ಯಾಂಕು ಸೇರಿದರು. ಅವರಿಗೆ ಮೇಷ್ಟ್ರಿದ್ದರು. ನನಗಿರುವುದು ಕಪ್ಪು ಪರದೆ. ತಪ್ಪು ಮಾಡಿದರೆ ತಪ್ಪಿನ ಜಾಗಕ್ಕೆ ಒಂದು ಟೋಪಿ ಚಿಹ್ನೆ ಇಟ್ಟು ಸುಮ್ಮನಾಗುತ್ತದೆ. ಬಯ್ಯುವುದಿಲ್ಲ ಎಂಬುದೊಂದೇ ಸಮಾಧಾನ.

ಕೇಬಲ್ ರೆಡಿಮೇಡ್ ಕೊಳ್ಳುವ ಬದಲು ಕ್ರಿಂಪಿಂಗ್ ಟೂಲು ತಂದೆ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು: ಎಂಟು ಎಳೆಗಳನ್ನು ಇದೇ ಕ್ರಮದಲ್ಲಿ ಚಪ್ಪಟೆ ಹಿಡಿದು, ಮೂತಿ ಸಮನಾಗಿ ಕತ್ತರಿಸಿ, ಪ್ಲಾಸ್ಟಿಕ್ ಪ್ಲಗ್ಗಿನೊಳಗೆ ತಳ್ಳಿ ಒತ್ತಬೇಕು. ಹಸಿರು ಜೋಡಿಯ ನಡುವೆ ನೀಲಿ ಜೋಡಿ ನುಗ್ಗಿ ಕೂರುತ್ತದೆ, ಎಡವುವುದು ಅಲ್ಲೇ. ನಾನು ಕನ್ನಡಕ ಏರಿಸಿ ಇಳಿಸಿ ಒದ್ದಾಡುವುದನ್ನು ನೋಡಲಾರದೆ ಹೆಂಡತಿ, “ಕೊಡಿ ಇಲ್ಲಿ” ಎಂದಳು. ಮಲ್ಲಿಗೆ ಕಟ್ಟಿದ ಬೆರಳುಗಳು. ಟೆಸ್ಟರಿನ ಎಂಟೂ ದೀಪ ಒಂದೇ ಏಟಿಗೆ ಸರದಿಯಂತೆ ಹೊತ್ತಿದವು. ಮನೆಯಲ್ಲಿ ಕೇಬಲ್ ವಿಭಾಗ ಅಂದಿನಿಂದ ಅವಳದು.

ಎರಡು ಸ್ವಿಚ್ಚುಗಳ ನಡುವೆ, ಒಂದು ತುದಿಯಲ್ಲಿ ಕಿತ್ತಳೆ, ಹಸಿರು ಜೋಡಿಗಳನ್ನು ಅದಲುಬದಲು ಮಾಡಿದ ಎರಡು ಕ್ರಾಸ್‌ಓವರ್ ಕೇಬಲ್ ಹಾಕಿದೆ. ಅರ್ಧ ನಿಮಿಷ ಕಿತ್ತಳೆ ದೀಪ ಉರಿದು, ಆಮೇಲೆ ಹಸಿರಾಯಿತು. ಒಂದು ತುದಿ ಮಾತ್ರ ಕಿತ್ತಳೆಯಲ್ಲೇ ಉಳಿಯಿತು. ಇದು ರೇಡಿಯಾ ಪರ್ಲ್‌ಮನ್ 1985ರಲ್ಲಿ ರೂಪಿಸಿದ ಸ್ಪ್ಯಾನಿಂಗ್ ಟ್ರೀ. ಎರಡೂ ದಾರಿ ತೆರೆದಿಟ್ಟರೆ ಒಂದೇ ಸುದ್ದಿ ಗಿರಗಿರನೆ ಸುತ್ತಿ ನೆಟ್‌ವರ್ಕೇ ಮಲಗುತ್ತದೆ ಎಂದು ಅಮ್ಮನಿಗೆ ವಿವರಿಸಿದೆ. “ಒಬ್ರು ಬಾಯಿ ಮುಚ್ಚಬೇಕು ಅನ್ನು” ಎಂದು ಅಮ್ಮ ನಮ್ಮಿಬ್ಬರನ್ನೂ ನೋಡಿದಳು.

ನಾಲ್ಕು ರೌಟರು ಬೇಕಾಗುವ ಪಾಠಕ್ಕೆ ಪ್ಯಾಕೆಟ್ ಟ್ರೇಸರೇ ಗತಿ. ಅವಕ್ಕೆ ಠಾಣೆ, ಡೊಂಬಿವಲಿ, ಕಲ್ಯಾಣ, ಮಹಾಪೆ ಎಂದು ಹೆಸರಿಟ್ಟು, ರೌಟರುಗಳು ತಾವೇ ದಾರಿ ಹುಡುಕಿಕೊಳ್ಳುವ ಒಎಸ್‌ಪಿಎಫ್ ಎಂಬ ನಿಯಮಾವಳಿ ಓಡಿಸಿದೆ. ಅದರ ಪ್ರಕಾರ ನೆರೆಯ ರೌಟರಿಗೆ 10 ಸೆಕೆಂಡಿಗೊಮ್ಮೆ ‘ಹಲೋ’ ಎನ್ನಬೇಕು. 40 ಸೆಕೆಂಡು ಸದ್ದಿಲ್ಲದಿದ್ದರೆ ಸತ್ತಂತೆ ಎಣಿಕೆ. ಈ ನಿಯಮ ನಮ್ಮ ಸೊಸೈಟಿಗೆ ಬಂದರೆ ಒಬ್ಬರೂ ಬದುಕುಳಿಯುವುದಿಲ್ಲ. ಠಾಣೆ–ಡೊಂಬಿವಲಿ ಕೊಂಡಿ ಕತ್ತರಿಸಿದೆ. ಸುದ್ದಿ ತಲುಪುತ್ತದೆಯೇ ಎಂದು ನೋಡುವ ಪಿಂಗ್‌ಗೆ ಮೊದಲು ಸೋಲಿನ ಚುಕ್ಕಿಗಳು ಬಂದವು, ಆಮೇಲೆ ಸಾಲಾಗಿ ಗೆಲುವಿನ ಆಶ್ಚರ್ಯಸೂಚಕಗಳು. ಸುದ್ದಿ ಕಲ್ಯಾಣ, ಮಹಾಪೆ ಸುತ್ತಿ ಠಾಣೆ ತಲುಪಿತ್ತು. ಮಳೆಗಾಲದಲ್ಲಿ ಹಳಿ ಮುಳುಗಿದಾಗ ಶಿಳ್‌ಫಾಟಾ ರಸ್ತೆ ಹಿಡಿದು ಗಂಟೆಗಟ್ಟಲೆ ಬೆವರುವವನಿಗೆ ಆ ವೇಗ ಕಂಡು ಹೊಟ್ಟೆಕಿಚ್ಚಾಯಿತು.

ಲ್ಯಾಬ್ ಕಟ್ಟಹೊರಟವರಿಗೆ ನನ್ನ ಮಾತು ಇಷ್ಟೇ. ಮೊದಲು ಪುಕ್ಕಟೆ ತಂತ್ರಾಂಶದಲ್ಲಿ ಪಳಗಿ. ಪರೀಕ್ಷೆಯ ಕಾಲುಭಾಗ ಐಪಿ ಕನೆಕ್ಟಿವಿಟಿಯದು, ಅಂದರೆ ರೌಟರುಗಳು ದಾರಿ ಹುಡುಕುವ ವಿದ್ಯೆಯದು. ಅದಕ್ಕೆ ಈ ತಂತ್ರಾಂಶವೇ ಧಾರಾಳ ಸಾಕು. ವೈರ್‌ಲೆಸ್, ಆಟೊಮೇಷನ್ ಪಾಠಗಳಿಗೆ ಹಳೆ ಪೆಟ್ಟಿಗೆಗಳಿಂದ ನಯಾಪೈಸೆ ಉಪಯೋಗವಿಲ್ಲ. ಕೈ ತೀರಾ ತುರಿಸಿದರೆ ಹಳೆಯ ಸ್ವಿಚ್ಚು ಒಂದು, ಕನ್ಸೋಲ್ ಕೇಬಲ್ಲು ಒಂದು ಕೊಳ್ಳಿ. ಅಂಗಡಿಯಲ್ಲೇ ಬೂಟ್ ಮಾಡಿಸಿ ನೋಡಿ. ಫ್ಯಾನಿನ ಸದ್ದನ್ನು ಕಣ್ಣು ಮುಚ್ಚಿ ಕೇಳಿ, ಪಕ್ಕದ ಮನೆಯವರನ್ನು ನೆನೆಸಿಕೊಳ್ಳಿ. ಉಳಿದ ದುಡ್ಡನ್ನು ಪರೀಕ್ಷೆಯ ಫೀಸಿಗೆ ಎತ್ತಿಡಿ. ರೌಟರು ಸೆಕೆಂಡ್ ಹ್ಯಾಂಡ್ ಸಿಗುತ್ತದೆ, ಫೀಸು ಸಿಗುವುದಿಲ್ಲ.