ಎರಡಿಂಚಿನ ಅಂತಸ್ತು

ಮಹೀಂದ್ರಾ ಥಾರ್ ಕೊಂಡವರಿಗೆ ಸ್ವಲ್ಪ ದಿನಕ್ಕೇ ಗಾಡಿಯ ಎತ್ತರ ಸಾಲದು ಅನ್ನಿಸಲು ಶುರುವಾಗುತ್ತದೆ. 2020ರ ಮಾದರಿಗೆ ಕಂಪನಿ ಕೊಟ್ಟ 226 ಮಿಲಿಮೀಟರ್ ಗ್ರೌಂಡ್ ಕ್ಲಿಯರೆನ್ಸ್ ಬೆಂಗಳೂರಿನ ಹಂಪುಗಳಿಗೆ ಧಾರಾಳ ಸಾಕು. ಆದರೆ ಪಕ್ಕದ ಮನೆಯವನ ಥಾರ್ ಎರಡಿಂಚು ಮೇಲಿದ್ದರೆ ಯಾವ ಮಿಲಿಮೀಟರೂ ಸಾಲದು.

ಈ ಕಾಯಿಲೆ ಹತ್ತಿದ ನನ್ನ ಭಾವಮೈದುನ ನನ್ನನ್ನೂ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗೆ ಎಳೆದುಕೊಂಡು ಹೋದ. ಅಂಗಡಿಯವರು ಮೊದಲು ತೋರಿಸಿದ್ದು ಸ್ಪೇಸರ್: ಸ್ಪ್ರಿಂಗಿನ ಜೊತೆ ಕೂರಿಸುವ, ಕೋಡುಬಳೆ ಆಕಾರದ ದಪ್ಪ ಬಿಲ್ಲೆ. ಅಗ್ಗ. ಗಾಡಿ ಏರುತ್ತದೆ, ಸ್ಪ್ರಿಂಗಿನ ಗುಣ ಹಳೆಯದೇ. ಆಮೇಲೆ ಬಂತು ಹೊಸ ಸ್ಪ್ರಿಂಗು, ಗ್ಯಾಸ್ ಶಾಕ್ ಅಬ್ಸಾರ್ಬರುಗಳ ಪೂರ್ತಿ ಕಿಟ್.

"ಹೆವಿ ಲೋಡಿಂದೇ ಕೊಡಿ."

"ಏನ್ ಸಾರ್ ಲೋಡು? ವಿಂಚಾ, ಕಬ್ಬಿಣದ ಬಂಪರ್ರಾ?"

"ನಾನು, ನಮ್ಮನೆಯವಳು, ತಿಂಗಳ ದಿನಸಿ."

ಭಾರಕ್ಕೆಂದೇ ಮಾಡಿದ ಬಿಗಿ ಸ್ಪ್ರಿಂಗಿನ ಮೇಲೆ ಖಾಲಿ ಗಾಡಿ ಕೂತರೆ ಪ್ರತಿ ಗುಂಡಿಯ ಸಮಾಚಾರವೂ ನೇರ ಬೆನ್ನುಮೂಳೆಗೇ ತಲುಪುತ್ತದೆ.

ನಿಜವಾದ ತಮಾಷೆ ಹಿಂದುಗಡೆ ಇದೆ. ಥಾರ್‌ನ ಹಿಂದಿನ ಎರಡು ಚಕ್ರಕ್ಕೂ ಸೇರಿ ಒಂದೇ ಗಟ್ಟಿ ಆಕ್ಸಲ್. ಸ್ಪ್ರಿಂಗು ಬಾಡಿಯನ್ನು ಎಷ್ಟೇ ಎತ್ತಲಿ, ಕಲ್ಲಿಗೆ ಮೊದಲು ತಾಗುವ ಡಿಫರೆನ್ಷಿಯಲ್ ಇದ್ದಲ್ಲೇ ಇರುತ್ತದೆ. ಅದು ಮೇಲೇಳಲು ದೊಡ್ಡ ಟೈರೇ ಬೇಕು. ಮುಂದಿನ ಡ್ರೈವ್ ಶಾಫ್ಟಿನ ಕೋನ ಹೆಚ್ಚಿ ರಬ್ಬರ್ ಬೂಟು ಬೇಗ ಹರಿಯುವುದು, ತಿರುವಿನಲ್ಲಿ ವಾಲುವುದು, ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಿಸಬಾರದೆನ್ನುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ತಲೆನೋವು, ಇವೆಲ್ಲ ಕಿಟ್ ಜೊತೆ ಫ್ರೀ.

ಭಾವಮೈದುನ ಇದೆಲ್ಲ ಕೇಳಿಸಿಕೊಂಡು ತಲೆಯಾಡಿಸಿ, ಕಿಟ್ಟಿಗೇ ಅಡ್ವಾನ್ಸ್ ಕೊಟ್ಟ. ಅಷ್ಟರಲ್ಲಿ ನಮ್ಮ ಅತ್ತೆಯ ಫೋನು: "ನಾನು ಹತ್ತೋಕೆ ಏಣೀನೂ ಕೊಡ್ತಾರೇನೋ?"

ಅಂಗಡಿಯವರು ಸೈಡ್ ಸ್ಟೆಪ್ಪಿಗೂ ಬಿಲ್ ಬರೆದರು.